ಹುಣಸೆಹಣ್ಣಿನಲ್ಲಿ ತೊಳೆದ ದೊರೆಗಳು

ಮೂವತ್ತು ಚಿಲ್ಲರೆ ತಾಮ್ರದ ನಾಣ್ಯಗಳು ಅಡುಗೆಮನೆಯ ಕಿಟಕಿಕಟ್ಟೆಯಲ್ಲಿ ಒಂದು ಹಳೆಯ ಟವೆಲಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ನಿನ್ನೆ ಸಂಜೆ ಅವನ್ನು ಹಾಗೆ ಜೋಡಿಸಿಟ್ಟು, ಸ್ವಲ್ಪ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದ ಶ್ರೀಕಂಠ ಈ ದೇಶಕ್ಕೆ ಬಂದಮೇಲೆ ಮೊದಲ ಸಲ ತನ್ನನ್ನು ತಾನೇ ಮೆಚ್ಚಿಕೊಂಡಿದ್ದ. ಇವತ್ತು ಬೆಳಿಗ್ಗೆಯೂ ಅವೇ ನಾಣ್ಯಗಳು, ಅದೇ ಟವೆಲು, ಈ ಐರಿಷ್ ಊರು ಗಾಲ್ವೆಯ ಅದೇ ಮಬ್ಬು ಬೆಳಕು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದ ಹೆಂಡತಿ ನಾಗಮಣಿ ಕೋಟು ಕೂಡ ಬಿಚ್ಚದೆ ಒಂದು ನಾಣ್ಯವನ್ನೆತ್ತಿ ಬೆಳಕಿಗೆ ಹಿಡಿದಿದ್ದಳು.

"ರೀ, ಇದು ಪಕ್ಕದ ಮನೆ ಪೋರಿಕ್ ಅವರದ್ದಲ್ವಾ? ಇದರ ಮೇಲೊಂದು ಮುಖ ಇತ್ತು. ಎಲ್ಲಿ ಹೋಯ್ತು?"

"ತೊಳೆದಿದೀನಿ," ಅಂದ ಶ್ರೀಕಂಠ, ಇನ್ನೂ ಹೆಮ್ಮೆಯಿಂದಲೇ. "ಹುಣಸೆಹಣ್ಣು, ಉಪ್ಪು. ಮೊನ್ನೆ ರಾತ್ರಿಯೆಲ್ಲ ನೆನೆಹಾಕಿ ನಿನ್ನೆ ಹಳೇ ಬ್ರಷ್ ತಗೊಂಡು ಚೆನ್ನಾಗಿ ಉಜ್ಜಿದೆ."

"ತೊಳೀರಿ ಅಂತ ಅವರೇ ಅಂದ್ರಾ?"

"ಹೂಂ ಮತ್ತೆ. ಇವನ್ನೂ ಕ್ಲೀನ್ ಮಾಡಿಕೊಡ್ಲಾ ಅಂತ ಕೇಳ್ದೆ. ಆ ನೋ, ಯು ಆರ್ ಗ್ರ್ಯಾಂಡ್ ಅಂದ್ರು."

ನಾಗಮಣಿ ನಾಣ್ಯವನ್ನು ಮೆಲ್ಲಗೆ ಟವೆಲಿನ ಮೇಲೆ ಇಟ್ಟಳು. "ನೋ ಅಂದ್ರಲ್ಲಾ?"

"ಅದು ಸಂಕೋಚಕ್ಕೆ ಅಂದಿದ್ದು ಕಣೇ. ಇನ್ನೊಂದು ಚಪಾತಿ ಹಾಕ್ಲಾ ಅಂದ್ರೆ ನಾವು ಅಯ್ಯೋ ಬೇಡ ಬೇಡ ಅನ್ನಲ್ವಾ, ಹಂಗೆ. ಆಮೇಲೆ ಗ್ರ್ಯಾಂಡ್ ಅಂದ್ರಲ್ಲ. ಅದಕ್ಕೇ ಸ್ವಲ್ಪ ಗ್ರ್ಯಾಂಡಾಗೇ ಮಾಡಿದೀನಿ."

ನಾಗಮಣಿ ಕುರ್ಚಿ ಎಳೆದುಕೊಂಡು ಕೂತಳು. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ಮುಂಚೆ ಅವಳು ಕೂರುವುದು ಹೀಗೆಯೇ ಇರಬೇಕು ಎಂದು ಶ್ರೀಕಂಠನಿಗೆ ಅನ್ನಿಸಿತು. "ರೀ, ಇಲ್ಲಿ ಯು ಆರ್ ಗ್ರ್ಯಾಂಡ್ ಅಂದ್ರೆ ಬೇಡ ಅಂತ. ನನ್ನ ವಾರ್ಡಲ್ಲಿ ಸೊಂಟ ಮುರ್ಕೊಂಡು ಮಲಗಿರೋ ಅಜ್ಜಿ ಇದಾಳೆ. ನೋವಿಗೆ ಇಂಜೆಕ್ಷನ್ ಕೊಡ್ಲಾ ಅಂದ್ರೆ ಐಯಾಮ್ ಗ್ರ್ಯಾಂಡ್ ಅಂತಾಳೆ. ಬೇಡ, ತೊಂದ್ರೆ ತಗೋಬೇಡಿ, ನನ್ನ ಪಾಡಿಗೆ ನನ್ನನ್ನ ಬಿಡಿ, ಎಲ್ಲಕ್ಕೂ ಅದೊಂದೇ ಮಾತು." ಆಮೇಲೆ ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟವಳು ಮೇಜಿನ ಮೇಲೆ ತಲೆಯಿಟ್ಟು ಭುಜ ಕುಣಿಸುತ್ತ ನಕ್ಕಳು, ಕಣ್ಣೊರೆಸಿಕೊಂಡಳು, "ಪಾಪ, ಮನುಷ್ಯ ಎಷ್ಟು ಇಷ್ಟಪಟ್ಟು ಇಟ್ಕೊಂಡಿದ್ರೋ ಏನೋ" ಅಂದು ಮಲಗಲು ಮೇಲೆ ಹೋದಳು. ಮಗಳು ಇಂಚರಾ ಆಗಲೇ ಶಾಲೆಗೆ ಹೋಗಿದ್ದಳು. ಉಳಿದದ್ದು ಶ್ರೀಕಂಠ ಮತ್ತು ಆ ನಾಣ್ಯಗಳು.

ಗ್ರ್ಯಾಂಡ್ ಅಂದರೆ ಏನೆಂದು ಮೈಸೂರಿನಲ್ಲಿ ಯಾರನ್ನಾದರೂ ಕೇಳಲಿ. ಮದುವೆ ಗ್ರ್ಯಾಂಡ್, ಸೀರೆ ಗ್ರ್ಯಾಂಡ್, ಬಫೆಯಲ್ಲಿ ಮೂರು ಬಗೆಯ ಸಿಹಿ ಇದ್ದರೆ ಊಟ ಗ್ರ್ಯಾಂಡ್. ಮಾವ ಹೇಮಚಂದ್ರ ಮದುವೆಯ ಮಾತುಕತೆಯ ದಿನ ತೊಡೆ ತಟ್ಟಿ, "ನೀವೇನೂ ಕೇಳೋ ಹಂಗಿಲ್ಲ, ಗ್ರ್ಯಾಂಡಾಗಿ ಮಾಡ್ಕೊಡ್ತೀವಿ" ಅಂದಿದ್ದರು. ಅವರೇನು ಬೇಡ ಎಂಬ ಅರ್ಥದಲ್ಲಿ ಅಂದಿದ್ದರೇ? ಹಾಗಾದರೆ ತನ್ನ ಮದುವೆಯೇ ಆಗುತ್ತಿರಲಿಲ್ಲವಲ್ಲ ಎಂದು ಶ್ರೀಕಂಠ ಯಾರೊಡನೆಯೋ ವಾದಿಸುವವನಂತೆ ಮನಸ್ಸಿನಲ್ಲೇ ಅಂದುಕೊಂಡ. ವಾದ ಗಟ್ಟಿಯಾಗಿಯೇ ಇತ್ತು. ನಾಣ್ಯಗಳು ಮಾತ್ರ ಅದನ್ನು ಕೇಳಿಸಿಕೊಳ್ಳದೆ ಹೊಸ ಹಂಡೆಯ ಹಾಗೆ ಮಿನುಗುತ್ತಿದ್ದವು. ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಾಡಿಸಿ ನೋಡಿದ. ನುಣುಪು. ಮೊನ್ನೆ ಇದರ ಮೇಲೆ ಗಡ್ಡದ ದೊರೆಯೊಬ್ಬ ಪಕ್ಕಕ್ಕೆ ಮುಖ ಮಾಡಿ ಕೂತಿದ್ದ. ಹಸಿರುಗಪ್ಪು ಬಣ್ಣದವನು, ಕುತ್ತಿಗೆಯ ಹತ್ತಿರ ಸ್ವಲ್ಪ ಸವೆದವನು, ಆದರೆ ದೊರೆಯೇ ಎಂದು ಯಾರಾದರೂ ಹೇಳಬಹುದಿತ್ತು. ಈಗ ಅಲ್ಲಿದ್ದದ್ದು ಬರೀ ತಾಮ್ರದ ಬಿಲ್ಲೆ.

ಅವನನ್ನು ಹೆಚ್ಚು ಕೊರೆಯುತ್ತಿದ್ದದ್ದು ಇಂಗ್ಲಿಷ್ ಅರ್ಥವಾಗದೆ ಹೋದದ್ದಲ್ಲ, ಕೆಮಿಸ್ಟ್ರಿ ನೆನಪಾಗದೆ ಹೋದದ್ದು. ಪಿಯು ಕಾಲೇಜಿನಲ್ಲಿ ಹದಿನೈದು ವರ್ಷ ಅದನ್ನೇ ಪಾಠ ಮಾಡಿದವನು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಉಪ್ಪು ಬಿದ್ದರೆ ಅದಕ್ಕೆ ಇನ್ನಷ್ಟು ಬಿರುಸು. ತಾಮ್ರದ ಕಿಲುಬು ಕರಗುತ್ತದೆ, ಅಡಿಯ ಲೋಹ ಹೊಳೆಯುತ್ತದೆ. ಮನೆಯ ಚೊಂಬಿಗೆ ಅದು ಸರಿ, ಚೊಂಬಿಗೆ ಮೂಗು ಇರುವುದಿಲ್ಲ. ಆದರೆ ಸಾವಿರಾರು ವರ್ಷ ಮಣ್ಣಲ್ಲಿ ಬಿದ್ದಿದ್ದ ರೋಮನ್ ನಾಣ್ಯದ ಮೇಲ್ಮೈಯ ತಾಮ್ರವೆಲ್ಲ ಯಾವತ್ತೋ ಕಿಲುಬಾಗಿ, ದೊರೆಯ ಮೂಗು, ಗಡ್ಡ, ಕಿರೀಟ ಎಲ್ಲ ಆ ಹಸಿರು ಪದರದಲ್ಲೇ ಉಳಿದುಕೊಂಡಿರುತ್ತದೆ. ಪದರ ಕರಗಿದರೆ ದೊರೆಯೂ ಕರಗುತ್ತಾನೆ. ಇಷ್ಟನ್ನು ಹಿಂದಿನ ಬೆಂಚಿನ ಹುಡುಗನೂ ಹೇಳುತ್ತಿದ್ದ. ರಾತ್ರಿಯೆಲ್ಲ ಸ್ಟೀಲ್ ಬಟ್ಟಲಿನಲ್ಲಿ ರೋಮಿನ ರಾಜಸಭೆಯೊಂದು ಸಾರಿಗೆ ಕರಗುವ ಹುಳಿಯಂತೆ ಕರಗುತ್ತಿದ್ದಾಗ, ತಾನು ಮೇಲೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಎಲ್ಲ ಶುರುವಾದದ್ದು ಪೂಜೆಯ ಪಾತ್ರೆಗಳಿಂದ. ನಾಗಮಣಿಗೆ ಇಲ್ಲಿ ಕೆಲಸ ಸಿಕ್ಕಿ, ಅವನು ರಜೆ ಹಾಕಿ ಹಿಂದೆಯೇ ಬಂದು, ಪಾರ್ಕ್‌ಮೋರಿನಲ್ಲಿರುವ ಮೆಡಿಕಲ್ ಉಪಕರಣಗಳ ಕಂಪನಿಗಳಿಗೆಲ್ಲ ಅರ್ಜಿ ಹಾಕಿ, "ನಿಮ್ಮನ್ನು ಖಂಡಿತ ಮನಸ್ಸಲ್ಲಿ ಇಟ್ಟುಕೊಳ್ಳುತ್ತೇವೆ" ಎಂಬ ಅವರ ಮಾತನ್ನು ನಂಬಿ ಫೋನಿನ ಪಕ್ಕ ಕೂತಿದ್ದ ದಿನಗಳವು. ಮನಸ್ಸಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ ಅದೂ ಬೇಡ ಎಂದೇ ಇರಬೇಕು ಎಂದು ಈಗ ಹೊಳೆದು ಅವನು ಸಿಂಕಿನ ಅಂಚನ್ನು ಹಿಡಿದುಕೊಂಡ. ಎದುರು ಮನೆಯ ಹೆಂಗಸು ಒಮ್ಮೆ ಬಂದು, ಕಸದ ಡಬ್ಬಿಯ ವಿಷಯ, ನಿಮಗೆ ಬಿಡುವಾದಾಗ, ಬೇಕಾದರೆ, ಅವಸರವೇನಿಲ್ಲ, ಒಂಚೂರು ಯೋಚಿಸಿದರೆ ಎಂದು ಬಳ್ಳಿಯಂತೆ ಬಳುಕಿ ಹೋಗಿದ್ದಳು. ಅವಳು ಸ್ನೇಹಕ್ಕೆ ಬಂದವಳೆಂದು ಇವನು ಸಂಜೆ ಕೇಸರಿಭಾತು ಕೊಟ್ಟುಬಂದಿದ್ದ. ತಪ್ಪು ಡಬ್ಬಿಗೆ ಕಸ ಹಾಕುತ್ತಿದ್ದೀರಿ ಎಂದು ಬೈಯಲು ಬಂದವಳಾಕೆ ಎಂದು ಗೊತ್ತಾದದ್ದು ಆಮೇಲೆ. ಹೀಗೆ ಎಲ್ಲರೂ ಎಲ್ಲವನ್ನೂ ಹೇಳಿಬಿಟ್ಟಿದ್ದರು, ಇವನಿಗೊಬ್ಬನಿಗೆ ಯಾವುದೂ ಕೇಳಿಸಿರಲಿಲ್ಲ. ಮನೆಯಲ್ಲಿ ಬೇಸರವಾಗಿ, ಒಂದು ಗುರುವಾರ ಚೊಂಬು, ಪಂಚಪಾತ್ರೆ, ಆರತಿ ತಟ್ಟೆಯನ್ನೆಲ್ಲ ಹಿತ್ತಲಿನ ನಲ್ಲಿಯ ಹತ್ತಿರ ಹರಡಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಬೇಲಿಯ ಮೇಲಿಂದ ಒಂದು ಟೋಪಿ, ಅದರ ಕೆಳಗೆ ಎರಡು ನೀಲಿ ಕಣ್ಣು ಇಣುಕಿದ್ದವು.

ಅವರೇ ಪೋರಿಕ್. ಎಪ್ಪತ್ತು ದಾಟಿದವರು, ವಯಸ್ಸಿಡೀ ಇಂಗ್ಲೆಂಡಿನಲ್ಲಿ ರಸ್ತೆ ಕೆಲಸ ಮಾಡಿ ಹೆಂಡತಿಯೊಂದಿಗೆ ಊರಿಗೆ ಮರಳಿದವರು, ಈಗ ಒಬ್ಬರೇ. ಪಾತ್ರೆಗಳು ಹೊಳೆಯುವುದನ್ನು ಸರ್ಕಸ್ ನೋಡುವ ಹಾಗೆ ನೋಡಿದ್ದರು. ಮಾರನೆಯ ದಿನ ಕಪ್ಪುಗಟ್ಟಿದ ಹಳೆಯ ಐರಿಷ್ ಪೆನ್ನಿಯೊಂದನ್ನು ತಂದುಕೊಟ್ಟರು. ಶ್ರೀಕಂಠ ತಿಕ್ಕಿಕೊಟ್ಟ; ಅದರೊಳಗಿಂದ ಒಂದು ಕೋಳಿ, ಅದರ ಕಾಲಬುಡದಲ್ಲಿ ಮರಿಗಳು ಎದ್ದು ಬಂದವು. ಪೋರಿಕ್ ತೊಡೆ ತಟ್ಟಿಕೊಂಡು ನಕ್ಕರು. ಆ ನಗು ಕೇಳಿ ಶ್ರೀಕಂಠನಿಗೆ ಆದ ಸಂತೋಷವನ್ನು ಹೇಳಲು ಹೋದರೆ ನಗೆಪಾಟಲಾಗುತ್ತದೆ: ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನು ಕಾರಣವಿಲ್ಲದೆ ಹಾಡು ಗುನುಗಿದ್ದ. ಅವತ್ತಿನಿಂದ ಹಿಂದಿನ ಬಾಗಿಲಿನಿಂದ ಹೋಗಿ ಬರುವ ಸಲಿಗೆ ಬಂತು. ಇಡೀ ದಿನದಲ್ಲಿ ಹೆಂಡತಿ ಮಗಳನ್ನು ಬಿಟ್ಟು ಅವನೊಂದಿಗೆ ಮಾತಾಡುವ ಜೀವವೆಂದರೆ ಅದೊಂದೇ. ಬೇಲಿಯಾಚೆ ಆ ಟೋಪಿ ಕಾಣುವುದೇ ಎಂದು ಅವನು ಚಹಾ ಲೋಟ ಹಿಡಿದು ಕಿಟಕಿಯಲ್ಲಿ ನಿಲ್ಲುತ್ತಿದ್ದ.

ಹೋದ ವಾರ ಪೋರಿಕ್ ತಂಬಾಕಿನ ತಗಡಿನ ಡಬ್ಬಿ ತೆಗೆದು ತೋರಿಸಿದ್ದರು. ಇಂಗ್ಲೆಂಡಿನಲ್ಲಿದ್ದಾಗ ಭಾನುವಾರ ಬಂತೆಂದರೆ, ಲೋಹ ಸಿಕ್ಕಿದರೆ ಕಿರುಚುವ ಯಂತ್ರವೊಂದನ್ನು ಹೆಗಲಿಗೇರಿಸಿಕೊಂಡು, ಹೊಲದವನ ಒಪ್ಪಿಗೆ ಪಡೆದು, ಉತ್ತ ಸಾಲುಗಳಲ್ಲಿ ಹೆಂಡತಿ ಮೊರೀನ್ ಜೊತೆ ಸಂಜೆಯ ತನಕ ಅಲೆಯುತ್ತಿದ್ದರಂತೆ. ಇಲ್ಲಿ ಅನುಮತಿಯಿಲ್ಲದೆ ಹಾಗೆಲ್ಲ ಹಳೆಯ ವಸ್ತು ಹುಡುಕುವಂತಿಲ್ಲವಾದ್ದರಿಂದ ಯಂತ್ರ ಶೆಡ್ಡಿನಲ್ಲಿ ಮಲಗಿದೆ. ಡಬ್ಬಿಯೊಳಗಿನ ರೋಮನ್ ನಾಣ್ಯಗಳನ್ನು ಅವರು 'ನಮ್ಮ ಹುಡುಗರು' ಅನ್ನುತ್ತಿದ್ದರು. ಮನೆಗೆ ಒಯ್ದು ನಿಧಾನವಾಗಿ ನೋಡು, ಮಗಳಿಗೂ ತೋರಿಸು ಎಂದು ಕೊಟ್ಟರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಬರಬಹುದಿತ್ತು. ಇವನ ನಾಲಿಗೆ ಸುಮ್ಮನಿರಬೇಕಲ್ಲ!

ಮಧ್ಯಾಹ್ನದ ಹೊತ್ತಿಗೆ ಶ್ರೀಕಂಠ ಒಂದು ತೀರ್ಮಾನಕ್ಕೆ ಬಂದ: ಹೊಳಪನ್ನಾದರೂ ಅಡಗಿಸಬೇಕು. ಪೋರಿಕ್ ಕಣ್ಣಿಗೆ ಹೇಗೂ ಪೊರೆ ಬಂದಿದೆ. ಕಪ್ಪಾಗಿದ್ದರೆ ಸಾಕು, ಮುಖವಿಲ್ಲವೆಂದು ತಕ್ಷಣಕ್ಕೆ ತಿಳಿಯಲಿಕ್ಕಿಲ್ಲ. ಮೊದಲು ಹೂಕುಂಡದ ಮಣ್ಣಲ್ಲಿ ಹೂತು, ತೆಗೆದು ನೋಡಿದ. ಮಣ್ಣು ಮೆತ್ತಿದ ಹೊಸ ನಾಣ್ಯಗಳಾಗಿದ್ದವು. ಒಲೆಯ ಮೇಲೆ ಕಾಯಿಸಿದ. ಒಂದಕ್ಕೆ ನವಿಲುಗರಿಯ ಬಣ್ಣ ಬಂದು ಇನ್ನೂ ಗ್ರ್ಯಾಂಡಾಯಿತು. ಕೊನೆಗೆ ಫಿಲ್ಟರಿನ ಗಟ್ಟಿ ಡಿಕಾಕ್ಷನ್ ಬಿಸಿ ಮಾಡಿ ಅದರಲ್ಲಿ ಎಲ್ಲವನ್ನೂ ಮುಳುಗಿಸಿದ. ಮೈಸೂರಿನಿಂದ ತರಿಸಿದ ಪುಡಿ, ಪ್ಯಾಕೆಟ್ಟಿನಲ್ಲಿದ್ದ ಕೊನೆಯ ಪುಡಿ. ಇಷ್ಟು ವರ್ಷ ಮಕ್ಕಳಿಗೆ ಟೆಸ್ಟ್‌ಟ್ಯೂಬು ತೊಳೆಯುವುದನ್ನೇ ಕಲಿಸಿದ ಮೇಷ್ಟ್ರು ಈಗ ಕೊಳೆ ಹಚ್ಚುವ ವಿದ್ಯೆ ಕಲಿಯುತ್ತ ಪಾತ್ರೆಯ ಮುಂದೆ ಬಗ್ಗಿ ನಿಂತಿದ್ದ. ಹೆಂಡತಿ ಎದ್ದು ಬಂದು ನೋಡಿದರೆ ಏನು ಹೇಳುವುದು? ನಿನ್ನ ಗಂಡ ಒಬ್ಬ ಮುದುಕನ ಮಂದ ಕಣ್ಣನ್ನು ನಂಬಿ ಮೋಸಕ್ಕೆ ಇಳಿದಿದ್ದಾನೆ ಅಂತಲೇ? ಹಾಗೆಂದುಕೊಂಡ ಮೇಲೂ ಅವನು ಚಮಚ ಆಡಿಸುವುದನ್ನು ನಿಲ್ಲಿಸಲಿಲ್ಲ. ಅದು ಅವನಿಗೇ ಅಸಹ್ಯವಾಯಿತು.

ಬಾಗಿಲು ತೆಗೆದದ್ದು ಇಂಚರಾ. ಬ್ಯಾಗು ಎಸೆದು, ಮೂಗು ಅರಳಿಸಿ ಪಾತ್ರೆಯೊಳಗೆ ಇಣುಕಿದಳು. ಬಂದು ಒಂದು ವರ್ಷವೂ ಆಗಿಲ್ಲ, ನಾಲಿಗೆ ಮಾತ್ರ ಹುಟ್ಟಿದ್ದೇ ಗಾಲ್ವೆಯಲ್ಲಿ ಅನ್ನುವ ಹಾಗೆ ತಿರುಗುತ್ತಿತ್ತು.

"ಅಪ್ಪಾ, ವೈ ಆರ್ ದ ಕಾಯಿನ್ಸ್ ಇನ್ ದ ಕಾಫಿ?"

"ಪುಟ್ಟಾ, ಅದು... ಸ್ವಲ್ಪ ಬಣ್ಣ ಬರಲಿ ಅಂತ."

"ಡಿಡ್ ಯು ರೂಯಿನ್ ದೆಮ್?"

ಶ್ರೀಕಂಠ ಹೂಂ ಅಂದ. ಯಾರಾದರೂ ಇಷ್ಟು ನೇರವಾಗಿ ಕೇಳಿ ಎಷ್ಟು ದಿನವಾಗಿತ್ತು! ಅವಳು ಬಿಸ್ಕತ್ತಿನ ಡಬ್ಬಿ ತೆರೆಯುತ್ತ, "ಜಸ್ಟ್ ಟೆಲ್ ಹಿಮ್, ಲೈಕ್" ಅಂದು ಟೀವಿಯ ಕಡೆ ಹೋದಳು. ಡಿಕಾಕ್ಷನ್ನನ್ನು ಸಿಂಕಿಗೆ ಸುರಿದು, ನಾಣ್ಯಗಳನ್ನು ಒರೆಸಿ, ತಗಡಿನ ಡಬ್ಬಿಗೆ ತುಂಬಿ ಅವನು ಚಪ್ಪಲಿ ಮೆಟ್ಟಿದ. ಬೇಲಿ ಬಳಸಿ ಹಿಂದಿನ ಬಾಗಿಲಿಗೆ ಹೋಗುವುದು ಹತ್ತಿರದ ದಾರಿ. ಅವತ್ತು ಅದು ತುಂಬ ಹತ್ತಿರವಾಯಿತು. ಅವನಿಗೆ ಬೈಗುಳದ ಭಯವಿರಲಿಲ್ಲ. ಪೋರಿಕ್ ಡಬ್ಬಿ ತೆರೆದು ನೋಡಿ, ಆ ಎದುರು ಮನೆಯ ಹೆಂಗಸಿನಂತೆ ನಗುಮುಖ ಮಾಡಿ, ಗ್ರ್ಯಾಂಡ್ ಅಂದು ಮುಚ್ಚಿಟ್ಟುಬಿಡುತ್ತಾರೆ. ನಾಳೆ ಬೇಲಿಯ ಆಚೆ ಟೋಪಿ ಕಾಣುವುದಿಲ್ಲ, ನಾಳಿದ್ದೂ ಕಾಣುವುದಿಲ್ಲ, ಯಾಕೆಂದು ಯಾರೂ ಹೇಳುವುದಿಲ್ಲ. ಅವನು ಹೆದರಿದ್ದದ್ದು ಅದಕ್ಕೆ.

ಪೋರಿಕ್ ಅಡುಗೆಮನೆಯಲ್ಲಿ ಪೇಪರ್ ಓದುತ್ತಿದ್ದರು. ಇವನ ಮುಖ ನೋಡಿಯೇ ಕನ್ನಡಕ ಏರಿಸಿಕೊಂಡರು. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಬಾಗಿಲಲ್ಲೇ ಉದುರಿಹೋಗಿ, ಶ್ರೀಕಂಠ "ಸಾರಿ, ತೊಳೆದುಬಿಟ್ಟೆ" ಎಂದಷ್ಟೇ ಹೇಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಪೋರಿಕ್ ಮುಚ್ಚಳ ತೆಗೆದರು. ಒಂದನ್ನೆತ್ತಿ ಹೆಬ್ಬೆರಳಿನಿಂದ ಸವರಿದರು. ಇನ್ನೊಂದು. ಮತ್ತೊಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಇದ್ಯಾಕೆ ಕಾಫಿ ವಾಸನೆ?"

ಶ್ರೀಕಂಠ ಅದನ್ನೂ ಹೇಳಿದ. ಅಡಗಿಸಲು ನೋಡಿದೆ, ಆಗಲಿಲ್ಲ ಅಂದ. ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಈಗ ಅನ್ನುತ್ತಾರೆ, ಈಗ ಅಂದರು ಗ್ರ್ಯಾಂಡ್ ಎಂದು ಅವನು ಕಣ್ಣು ಮುಚ್ಚಿಕೊಂಡು ಕಾದ.

"ಇವನ ಮೂಗೆಲ್ಲಿ?" ಪೋರಿಕ್ ಎದ್ದು ನಿಂತಿದ್ದರು. "ಇವನಿಗೆ ಇಷ್ಟು ದೊಡ್ಡ ಮೂಗಿತ್ತು! ಥೇಟ್ ನಮ್ಮಪ್ಪನ ಹಾಗೇ ಇದಾನೆ ಅಂತ ಮೊರೀನ್ ನಕ್ಕೂ ನಕ್ಕೂ ಹೊಲದ ನಡುವೆ ಕೂತುಬಿಟ್ಟಿದ್ದಳು. ಅವನ ಮೂಗನ್ನ ಏನು ಮಾಡಿದೆಯೋ, ಈಜಿಟ್?"

ಈಜಿಟ್ ಅಂದರೆ ಪೆದ್ದ ಎಂದು ಶ್ರೀಕಂಠನಿಗೆ ಗೊತ್ತಿತ್ತು. ಅಲ್ಲಿಂದ ಮುಂದಿನವು ಗೊತ್ತಿರಲಿಲ್ಲ. ಪೋರಿಕ್ ಮೇಜು ಗುದ್ದಿದರು, ಟೋಪಿ ತೆಗೆದು ಕುರ್ಚಿಗೆ ಹೊಡೆದರು, ಇಂಗ್ಲಿಷು ಸಾಲದೆ ಐರಿಷಿಗೆ ಹೋದರು, ಅಲ್ಲಿಂದ ಮತ್ತೆ ಈಜಿಟ್‌ಗೆ ಮರಳಿದರು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದಿತ್ತು. ಶ್ರೀಕಂಠ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆ ಮೂಗು ಇನ್ನು ಬರುವುದಿಲ್ಲ, ಅದನ್ನು ನೋಡಿ ನಕ್ಕವಳೂ ಬರುವುದಿಲ್ಲ ಎಂಬುದು ಅವನಿಗೆ ಆಗಷ್ಟೇ ಅರ್ಥವಾಯಿತು. ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದೊಂದು ಎದೆಯಲ್ಲಿ ಬೆಚ್ಚಗೆ ಹರಡಿತು: ಈ ದೇಶದಲ್ಲಿ ಮೊದಲ ಸಲ ಒಬ್ಬರು ಅವನನ್ನು ತಮ್ಮ ಮನೆಯವನನ್ನು ಬೈಯುವ ಹಾಗೆ, ಒಂದಕ್ಷರವನ್ನೂ ಮಿಗಿಸದೆ ಬೈಯುತ್ತಿದ್ದರು. ಅವನಿಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು, ಐರಿಷ್ ಕೂಡ. ಆ ಧೈರ್ಯದಲ್ಲಿ ಅವನಿಗೂ ಸಿಟ್ಟು ಬಂತು, ತಿಂಗಳುಗಟ್ಟಲೆ ಕೂಡಿಟ್ಟ ಸಿಟ್ಟು. ಅದು ಬಂದದ್ದು ಕನ್ನಡದಲ್ಲಿ.

"ಮೊದ್ಲೇ ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ರೀ ನಿಮಗೆ? ಯಾರೂ ಹೇಳಲ್ವಲ್ರೀ ಈ ಊರಲ್ಲಿ! ಕಸದ ಡಬ್ಬಿ ತಪ್ಪು ಅಂದ್ರೆ ಹೇಳಲ್ಲ, ಕೆಲಸ ಕೊಡಲ್ಲ ಅಂದ್ರೆ ಹೇಳಲ್ಲ. ಗ್ರ್ಯಾಂಡಂತೆ ಗ್ರ್ಯಾಂಡು! ಬೇಡ ಅಂದಿದ್ರೆ ನಿಮ್ಮ ಮಾವನ ಮೂಗು ಉಳೀತಿತ್ತು!"

ಪೋರಿಕ್ ಬೆಪ್ಪಾಗಿ ನಿಂತರು. "ಏನಂದೆ?" ಅಂದರು. ಶ್ರೀಕಂಠ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದ. ಮಾವನ ಮೂಗಿನ ಭಾಗವನ್ನು ಮಾತ್ರ ಬಿಟ್ಟ. ಪೋರಿಕ್ ನಿಧಾನವಾಗಿ ಕೂತರು. ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾನು ಬೇಡ ಅಂತಲೇ ಹೇಳಿದ್ದು," ಅಂದರು, ದನಿ ಇಳಿದಿತ್ತು. "ಅದಕ್ಕಿಂತ ಜೋರಾಗಿ ಹೇಳೋದು ನಮಗೆ ಬರಲ್ಲ. ಮುಖ ನೋಡಿಕೊಂಡು ಹೇಗಪ್ಪ ಹೇಳೋದು? ನಿಮ್ಮಲ್ಲಿ ಅದಕ್ಕೆ ಏನಂತಾರೆ?"

"ಬೇಡ."

"ಬೇ ಡಾ."

"ಡಾ ಅಲ್ಲ, ಡ. ಬೇಡ. ಒಂದು ಸಲ ಅಂದ್ರೆ ಸಂಕೋಚ ಅಂದ್ಕೋತೀವಿ. ಎರಡು ಸಲ ಅನ್ನಬೇಕು, ಕೈ ಅಡ್ಡ ಹಿಡೀಬೇಕು."

ಪೋರಿಕ್ ನಗಲಿಲ್ಲ. ಡಬ್ಬಿಗೆ ನಾಣ್ಯಗಳನ್ನು ಒಂದೊಂದಾಗಿ ಹಾಕಿ, ಮುಚ್ಚಳ ಒತ್ತಿ, ಎದ್ದು ಕಪಾಟಿನಿಂದ ಎರಡು ಕಪ್ಪು ತೆಗೆದು ಚಹಾಕ್ಕೆ ನೀರಿಟ್ಟರು. ಸಕ್ಕರೆ ಎಷ್ಟೆಂದು ಕೇಳದೆ ಹಾಕಿದರು. ಇಬ್ಬರೂ ಕುಡಿದರು. ಶ್ರೀಕಂಠನಿಗೆ ನಾಳೆಯ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಮುದುಕರ ಕಣ್ಣು ಡಬ್ಬಿಯ ಮೇಲೆಯೇ ಇತ್ತು. ಅವರ ದುಃಖವನ್ನು ನೋಡಲಾರದೆ ಅವನು ಗೋಡೆ ನೋಡಿದ, ಗಡಿಯಾರ ನೋಡಿದ, ಅಗ್ಗಿಷ್ಟಿಕೆಯ ಕಡೆ ನೋಡಿದ. ಅಲ್ಲಿ, ಕಟ್ಟಿಗೆಯ ಬುಟ್ಟಿಯ ಪಕ್ಕದಲ್ಲಿ, ಮಸಿ ಹಿಡಿದು ಹಸಿರುಗಟ್ಟಿದ ಒಂದು ತಾಮ್ರದ ಕೆಟಲು ಕೂತಿತ್ತು. ಒಳ್ಳೆಯ ಬಳುಕಿನ ಕೊಕ್ಕು, ಮೇಲೆ ಏನೋ ಹೂವಿನ ಕೆತ್ತನೆ. ಅವನು ಏನೂ ಅನ್ನಲಿಲ್ಲ, ದೇವರಾಣೆ, ಬರೀ ನೋಡಿದ.

ಪೋರಿಕ್ ಕಪ್ಪು ಕೆಳಗಿಟ್ಟು, ಎರಡೂ ಕೈಗಳನ್ನು ಅಡ್ಡ ಹಿಡಿದು, ಪಕ್ಕದ ಮನೆಯಲ್ಲಿ ಮಲಗಿದ್ದ ನಾಗಮಣಿಗೂ ಕೇಳುವಷ್ಟು ಜೋರಾಗಿ, "ಬೇಡ! ಬೇಡ!" ಅಂದರು.